ಚಪ್ಪಟೆ ಕಾರ್ಡಿಗೆ ಒಂದಿಷ್ಟು ನೆರಳು

ಪ್ರಶ್ನೆ: ಮಗಳ ಜೊತೆ ಕೂತು ದೀಪಾವಳಿಗೆ ಶುಭಾಶಯ ಕಾರ್ಡ್ ಮಾಡುತ್ತೇನೆ. ಏನು ಅಂಟಿಸಿದರೂ ಚಪ್ಪಟೆಯಾಗಿಯೇ ಕಾಣುತ್ತದಲ್ಲ?

ಉತ್ತರ: ಮೊದಲು ಆ ಗ್ಲಿಟರ್ ಡಬ್ಬಿ ಎತ್ತಿಡಿ. ಹೊಳಪು ಬೇರೆ, ಉಬ್ಬು ಬೇರೆ. ಆಳ ಕಾಣಿಸುವುದು ನೆರಳು. ಅದು ಬೀಳಬೇಕಾದರೆ ಮೇಲಿನ ಕಾಗದ ಒಂದೆರಡು ಮಿಲಿಮೀಟರಾದರೂ ಎದ್ದು ನಿಲ್ಲಬೇಕು. ಹಣತೆಯ ಆಕಾರ ಕತ್ತರಿಸಿ, ಹಿಂದೆ ಫೋಮ್ ಟೇಪಿನ ತುಂಡು ಹಚ್ಚಿ. ಜ್ವಾಲೆಗೆ ಎರಡು ಪದರ. ಟೇಪ್ ಇಲ್ಲವೆ? ರಟ್ಟಿನ ಪೆಟ್ಟಿಗೆಯ ಚೂರೂ ನಡೆಯುತ್ತದೆ. ತಳದ ಕಾಗದ ಮಾತ್ರ 250–300 ಜಿಎಸ್‌ಎಂ ಇರಲಿ, ತೆಳ್ಳಗಿದ್ದರೆ ಭಾರಕ್ಕೆ ಬಾಗುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಬಣ್ಣವೇ ಇಲ್ಲದ ಉಬ್ಬು. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಮಾವಿನಕಾಯಿ ಬುಟ್ಟಾ ಕೊರೆದು, ಹಗಲಲ್ಲಿ ಕಿಟಕಿಯ ಗಾಜಿಗೆ ಅಂಟಿಸಿ. ಅದರ ಮೇಲೆ ಬಿಳಿ ಡ್ರಾಯಿಂಗ್ ಹಾಳೆಯಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಅಂಚಿನುದ್ದಕ್ಕೂ ಮೆಲ್ಲಗೆ ಒತ್ತುತ್ತಾ ಬನ್ನಿ. ಅವಸರ ಮಾಡಿದರೆ ಕಾಗದ ಹರಿಯುತ್ತದೆ. ಹಾಳೆ ತಿರುಗಿಸಿದಾಗ ಬುಟ್ಟಾ ಎದ್ದಿರುತ್ತದೆ. ಅಕ್ಷರವಾದರೆ ಅಚ್ಚನ್ನು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಅಂಟಿಸಿ, ಇಲ್ಲವಾದರೆ ‘ಶುಭಾಶಯ’ ಉಲ್ಟಾ ಮೂಡುತ್ತದೆ.

ಮನೆಯಲ್ಲಿ ಕಸೂತಿಯ ಹಳೆಯ ತುಂಡಿದ್ದರೆ ಬಿಡಬೇಡಿ. ಕಾರ್ಡಿನಲ್ಲಿ ಚೌಕ ಕಿಂಡಿ ಕೊರೆದು ಹಿಂದಿನಿಂದ ಅಂಟಿಸಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲವಾದ್ದರಿಂದ ಬಟ್ಟೆ ಸಮನಾಗಿ ಕೂರುತ್ತದೆ. ನೀರುನೀರಾದ ಗೋಂದು ಬೇಡ, ಕಲೆ ಮುಂದಕ್ಕೆ ಹಾಯುತ್ತದೆ. ಡಬಲ್ ಟೇಪ್ ಸಾಕು.

ಒಂದು ಕಾರ್ಡಿಗೆ ಒಂದೇ ಉಪಾಯ. ಅಂಟಿಸುವುದು, ಒತ್ತುವುದು ಮಗಳೇ ಮಾಡಲಿ. ಕಟ್ಟರ್ ಮಾತ್ರ ನಿಮ್ಮ ಕೈಯಲ್ಲಿರಲಿ.