ಎಂಟುನೂರಕ್ಕೆ ಸ್ವಲ್ಪ ಕಮ್ಮಿ

ಅಂದಾಜು ಲೆಕ್ಕದ ಪಾಠಕ್ಕೆ ಮಕ್ಕಳಿಗಿಂತ ದೊಡ್ಡವರದೇ ತಕರಾರು ಜಾಸ್ತಿ. ‘ಸುಮಾರು’ ಎಂದು ಶುರುವಾಗುವ ಉತ್ತರವನ್ನು ಉತ್ತರವೆಂದು ಒಪ್ಪಿಕೊಳ್ಳಲು ಅವರಿಗೆ ಮನಸ್ಸೇ ಬರುವುದಿಲ್ಲ. ಆರನೇ ತರಗತಿಗೆ ಗಣಿತ ತೆಗೆದುಕೊಳ್ಳುವವರು ಯಾರಾದರೂ ಈ ಪಾಠಕ್ಕೆ ಕೈ ಹಾಕುವವರಿದ್ದರೆ, ನನ್ನ ತರಗತಿಯಲ್ಲಿ ಆದದ್ದು ಅವರಲ್ಲಿ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ನಿಯಮ ಎಲ್ಲರಿಗೂ ಗೊತ್ತು. ಬಿಡಿ ಸ್ಥಾನದಲ್ಲಿ ಐದು ಅಥವಾ ಹೆಚ್ಚಿದ್ದರೆ ಮೇಲಿನ ಹತ್ತಕ್ಕೆ, ಕಡಿಮೆಯಿದ್ದರೆ ಕೆಳಗಿನ ಹತ್ತಕ್ಕೆ. ಅದನ್ನಷ್ಟೇ ಬಾಯಿಪಾಠ ಮಾಡಿಸಿದರೆ ಏನಾಗುತ್ತದೆ ನೋಡಿ. 34ನ್ನು ಹತ್ತಿರದ ಹತ್ತಕ್ಕೆ ಅಂದಾಜಿಸು ಎಂದರೆ ಮಗು 20 ಎಂದು ಬರೆಯುತ್ತದೆ. ಕೆಳಕ್ಕೆ ಎಂದಿದ್ದೀರಲ್ಲ, ಮೂರಕ್ಕಿಂತ ಕೆಳಗೆ ಎರಡು ತಾನೇ? 348ನ್ನು ಹತ್ತಿರದ ನೂರಕ್ಕೆ ಎಂದರೆ ಮೊದಲು 350 ಮಾಡಿ, ಆಮೇಲೆ ಆ 350ನ್ನು 400 ಮಾಡುತ್ತದೆ. ಎರಡೂ ಕಡೆ ನಿಯಮ ಪಾಲಿಸಿದೆ, ಎರಡೂ ಕಡೆ ಉತ್ತರ ತಪ್ಪು. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ವರಾಂಡದ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟುವುದು. ಈ ತುದಿಗೆ 300, ಆ ತುದಿಗೆ 400, ನಟ್ಟನಡುವೆ 350ರ ಚೀಟಿ. 348 ಬರೆದ ಚೀಟಿಯನ್ನು ಮಗುವಿನ ಕೈಗೆ ಕೊಟ್ಟು ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಲು ಹೇಳಿ. 350ರ ಈಚೆಗೆ ಸಿಕ್ಕಿಸಿದ ಮೇಲೆ ಯಾವ ನೂರು ಹತ್ತಿರ ಎಂದು ಕೇಳಬೇಕಾಗಿಯೇ ಇಲ್ಲ. ಸರಿಯಾಗಿ ನಡುವೆ ಇರುವ ಸಂಖ್ಯೆಯನ್ನು ಮೇಲಕ್ಕೆ ಒಯ್ಯುವುದು ನಾವು ಮಾಡಿಕೊಂಡ ಒಪ್ಪಂದ ಎಂಬುದನ್ನೂ ಬಿಚ್ಚಿ ಹೇಳಿಬಿಡಿ. ಮಕ್ಕಳು ತಕರಾರಿಲ್ಲದೆ ಒಪ್ಪುತ್ತಾರೆ.

ಇದಕ್ಕಿಂತ ಗಟ್ಟಿಯಾದ ಅಡ್ಡಿ ಇನ್ನೊಂದಿದೆ. ಅಂದಾಜು ಮಾಡಿ ಎಂದರೆ ಮಕ್ಕಳು ಪುಸ್ತಕದ ಅಂಚಿನಲ್ಲಿ ಕದ್ದು ಕೂಡಿ, ನಿಖರವಾದ ಉತ್ತರ ತೆಗೆದು, ಅದಕ್ಕೆ ಒಂದೆರಡು ಸೊನ್ನೆ ಹಚ್ಚಿ ತೋರಿಸುತ್ತಾರೆ. ಅದು ಅಂದಾಜಲ್ಲ, ಮುಗಿದ ಲೆಕ್ಕಕ್ಕೆ ಬಳಿದ ಸುಣ್ಣ. ಹಾಗಾಗಿ ನನ್ನ ತರಗತಿಯಲ್ಲಿ ಪೆನ್ಸಿಲ್ ಕೆಳಗಿಡಿಸುತ್ತೇನೆ. ಬೋರ್ಡಿನ ಮೇಲೆ ಸಂಖ್ಯೆ ಬರೆದು, ಒಮ್ಮೆ ಓದಿಸಿ, ಡಸ್ಟರಿನಿಂದ ಒರೆಸಿಬಿಡುತ್ತೇನೆ. ಕೂಡಲು ಅವಕಾಶವೇ ಇಲ್ಲ, ಮನಸ್ಸಿನಲ್ಲಿ ಉಳಿಯುವುದು ದೊಡ್ಡ ಅಂಕಿ ಮಾತ್ರ. ಉತ್ತರ ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಕಡ್ಡಾಯ: ನೀನು ಹೆಚ್ಚಿಗೆ ಹಿಡಿದಿದ್ದೀಯೋ, ಕಮ್ಮಿ ಹಿಡಿದಿದ್ದೀಯೋ?

ಮಕ್ಕಳು ಇದಕ್ಕೆ ಒಗ್ಗಿಕೊಂಡು, ಒಳ್ಳೇ ಹುರುಪಿನಲ್ಲಿದ್ದಾಗ ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದರು. ಹಾಜರಿ, ಬಿಸಿಯೂಟದ ದಾಸ್ತಾನು ಎಲ್ಲ ನೋಡಿ ಮುಗಿಸಿ ಆರನೇ ತರಗತಿಗೆ ಬಂದವರೇ ಬೋರ್ಡಿನ ಮೇಲೆ ಒಂದರ ಕೆಳಗೊಂದು 398, 207, 189 ಎಂದು ಬರೆದು, “ಕೂಡಿದರೆ ಎಷ್ಟು?” ಎಂದು ಕೇಳಿದರು. ಸೀಮೆಸುಣ್ಣ ಇನ್ನೂ ಅವರ ಕೈಯಲ್ಲೇ ಇತ್ತು. ಎರಡನೇ ಸಾಲಿನ ಹುಡುಗಿ ಎದ್ದು ನಿಂತು, “ಎಂಟುನೂರಕ್ಕೆ ಸ್ವಲ್ಪ ಕಮ್ಮಿ ಸರ್” ಎಂದಳು.

“ಸ್ವಲ್ಪ ಅಂದರೆ ಎಷ್ಟಮ್ಮ?”

“ಅದನ್ನ ಬರೆದು ನೋಡಬೇಕು ಸರ್.”

“ಲೆಕ್ಕ ಅಂದರೆ ಲೆಕ್ಕ. ಸ್ವಲ್ಪ, ಸುಮಾರು ಎಲ್ಲ ಇಲ್ಲ. ಕೂತ್ಕೋ.”

ಅವಳು ಕೂತಳು. ಅವರು ಹಿಂದಿನ ಬೆಂಚಿನ ಹುಡುಗನನ್ನು ಬೋರ್ಡಿಗೆ ಕರೆದರು. ಅವನ ಕೈ ನಡುಗುತ್ತಿತ್ತು. ಎಂಟು, ಏಳು, ಒಂಬತ್ತು ಸೇರಿ ಇಪ್ಪತ್ನಾಲ್ಕು ಎಂದು ಬೆರಳಿನಲ್ಲಿ ಎಣಿಸಿ ನಾಲ್ಕು ಬರೆದ. ದಶಕ ಎರಡನ್ನು ಮರೆತ. ಒಂಬತ್ತಕ್ಕೆ ಎಂಟು ಸೇರಿಸಿ ಹದಿನೇಳು, ಏಳು ಬರೆದ. ಮತ್ತೆ ದಶಕ ಮರೆತ. ಮೂರು, ಎರಡು, ಒಂದು ಆರು. 674 ಎಂದು ಬರೆದು ಅಡಿಗೆರೆ ಎಳೆದು ನಿಂತ. ಅಧಿಕಾರಿ ಆಗ ನಮ್ಮ ಮುಖ್ಯ ಶಿಕ್ಷಕರ ಜೊತೆ ಯಾವುದೋ ವಹಿಯ ವಿಷಯ ಮಾತಾಡುತ್ತಿದ್ದರು. ಬೋರ್ಡಿನ ಕಡೆ ಒಮ್ಮೆ ತಿರುಗಿ, “ಹ್ಞಾಂ, ಹೀಗೆ ಬಿಡಿಸಿ ಹೇಳಬೇಕು” ಎಂದರು.

ಕೂತಿದ್ದ ಹುಡುಗಿ ಕೂತಲ್ಲಿಂದಲೇ ಹೇಳಿದಳು: “ಸರ್, ಅದು ಆಗಲ್ಲ. ನಾನೂರು, ಇನ್ನೂರು ಸೇರಿದರೇ ಆರುನೂರು. ಇನ್ನೊಂದು ಇನ್ನೂರು ಹಾಗೇ ಉಳಿದಿದೆ.”

ತರಗತಿ ಗಪ್‌ಚುಪ್. ಅವರು ಬೋರ್ಡಿನ ಹತ್ತಿರ ಹೋಗಿ ತಾವೇ ಕೂಡಿದರು. 794. ಎಂಟುನೂರಕ್ಕೆ ಆರು ಕಮ್ಮಿ. ಆಗಲಾದರೂ ‘ಭೇಷ್’ ಎನ್ನಬಹುದಿತ್ತಲ್ಲ! ಏನೂ ಅನ್ನಲಿಲ್ಲ. ಹೋಗುವಾಗ ಸಂದರ್ಶನ ಪುಸ್ತಕದಲ್ಲಿ, ಮಕ್ಕಳಿಗೆ ಅಂದಾಜಿನ ಉತ್ತರ ಹೇಳುವ ಅಭ್ಯಾಸ ಬಿಡಿಸಬೇಕು ಎಂದು ಬರೆದು ಸಹಿ ಹಾಕಿದರು. ಆ ಹುಡುಗಿ ಆಮೇಲೆ ಎಷ್ಟೋ ದಿನ ನನ್ನ ಪ್ರಶ್ನೆಗೂ ಕೈ ಎತ್ತಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಸಾಲಿಗಲ್ಲ, ಇದಕ್ಕೆ.

ಅವಳಿಗೆ ಆ ಜಾಣತನ ಎಲ್ಲಿಂದ ಬಂತು ಎಂಬುದು ನಮ್ಮ ಚನ್ನಗಿರಿ ಕಡೆಯವರಿಗೆ ಹೇಳಬೇಕಾಗಿಲ್ಲ. ಅವಳ ಅಜ್ಜ ಅಡಿಕೆ ತೋಟ ಚೇಣಿ ಹಿಡಿಯುವವರು. ತೋಟದಲ್ಲಿ ಒಂದು ಸುತ್ತು ಹಾಕಿ, ಮರದ ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಆದೀತು ಎಂದು ಲಕ್ಷಗಟ್ಟಲೆ ದುಡ್ಡಿನ ಮಾತು ಮುಗಿಸುತ್ತಾರೆ. ಒಂದೊಂದೇ ಕಾಯಿ ಎಣಿಸುತ್ತ ಕೂತರೆ ಕೊಯ್ಲೇ ಮುಗಿದುಹೋದೀತು. ಸರ್ಕಾರದ ಅಂಕಿಗಳೂ ಹಾಗೆಯೇ ಬಾಯಿಗೆ ಬರುವುದು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಮಾತಿನಲ್ಲಿ ಅದು ಆರು ಕೋಟಿ ಹನ್ನೊಂದು ಲಕ್ಷ. ಎನ್‌ಸಿಇಆರ್‌ಟಿಯ ಹಳೆಯ ಆರನೇ ತರಗತಿ ಗಣಿತದಲ್ಲಿ ಅಂದಾಜು ಬರುವುದು ಮೊದಲನೇ ಅಧ್ಯಾಯದಲ್ಲೇ. ನಾನು ಪಠ್ಯದ ಹೊರಗಿನದೇನನ್ನೂ ಕಲಿಸಿರಲಿಲ್ಲ.

ಎಲ್ಲಿ ಮೇಲಕ್ಕೆ, ಎಲ್ಲಿ ಕೆಳಕ್ಕೆ ಎಂಬುದನ್ನು ನಿಯಮ ತೀರ್ಮಾನಿಸುವುದಿಲ್ಲ, ಸಂದರ್ಭ ತೀರ್ಮಾನಿಸುತ್ತದೆ. ಇದನ್ನು ಅಡುಗೆ ಕೋಣೆಯಲ್ಲಿ ಕಲಿಸಿ. ಬಿಸಿಯೂಟಕ್ಕೆ ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿ. ಹಾಜರಿ 62 ಎನ್ನಿ. ನಿಯಮದ ಪ್ರಕಾರ 60 ಎಂದು ಹಿಡಿದರೆ 9 ಕೆಜಿ, ಆದರೆ ಬೇಕಾದದ್ದು 9 ಕೆಜಿ 300 ಗ್ರಾಂ. ಇಬ್ಬರು ಮಕ್ಕಳ ಅನ್ನ ಕಮ್ಮಿ ಬಿತ್ತು! ವಹಿಯಲ್ಲಿ ಗ್ರಾಂ ತಪ್ಪಬಾರದು, ಆದರೆ ಸಾಕಾಗುತ್ತದೋ ಇಲ್ಲವೋ ಎಂದು ಮೊದಲೇ ನೋಡುವಾಗ ಮೇಲಕ್ಕೇ ಹಿಡಿಯಬೇಕು. ಪ್ರವಾಸದ ಬಸ್ಸಿಗೂ ಇದೇ ಮಾತು. 50 ಸೀಟಿನ ಬಸ್ಸಿಗೆ 110 ಮಕ್ಕಳಿದ್ದರೆ ಮೂರು ಬಸ್ ಬೇಕು, ಹತ್ತಿರದ ಪೂರ್ಣ ಸಂಖ್ಯೆ ಎರಡೇ ಆಗಿದ್ದರೂ. ಅಂಗಡಿಗೆ ಹೋಗುವಾಗ ಪ್ರತಿಯೊಂದು ಬೆಲೆಯನ್ನೂ ಮೇಲಕ್ಕೆ ಹಿಡಿಯುವುದನ್ನು ಮಕ್ಕಳು ಅಮ್ಮನಿಂದ ಕಲಿತೇ ಬಂದಿರುತ್ತಾರೆ.

ಉಳಿದದ್ದು ಪ್ರಶ್ನೆಪತ್ರಿಕೆ. ‘149 + 149 + 149, ಹತ್ತಿರದ ನೂರಕ್ಕೆ ಅಂದಾಜಿಸಿ ಕೂಡಿ’ ಎಂದು ಕೇಳಿದರೆ ಉತ್ತರಸೂಚಿಯಲ್ಲಿ 300 ಎಂದಿರುತ್ತದೆ. ನಿಜವಾದ ಮೊತ್ತ 447. ಒಂದು ಮಗು 150ರಂತೆ ಮೂರು ಎಂದು ಯೋಚಿಸಿ 450 ಎಂದು ಬರೆದರೆ ಸೊನ್ನೆ! ಹತ್ತಿರಕ್ಕೆ ಬಂದವನಿಗೆ ಅಂಕವಿಲ್ಲ, 147ರಷ್ಟು ದೂರ ನಿಂತವನಿಗೆ ಪೂರ್ತಿ ಅಂಕ. ಇದಕ್ಕಿಂತ ಅನ್ಯಾಯ ಉಂಟೇ? ಆದ್ದರಿಂದ ನಮ್ಮ ಘಟಕ ಪರೀಕ್ಷೆಗಳಲ್ಲಿ ‘ಹತ್ತಿರದ ನೂರಕ್ಕೆ’ ಎಂಬ ಕಟ್ಟಳೆ ತೆಗೆದು, ‘ಅಂದಾಜು ಎಷ್ಟು? ಹೇಗೆ ಹಿಡಿದೆ? ಹೆಚ್ಚಾಯಿತೋ ಕಮ್ಮಿಯಾಯಿತೋ?’ ಎಂದು ಮೂರು ಪ್ರಶ್ನೆ ಕೇಳಿ, ಒಂದೊಂದಕ್ಕೂ ಒಂದು ಅಂಕ ಇಡುತ್ತಿದ್ದೇನೆ. 450ಕ್ಕೂ ಅಂಕವುಂಟು. 300 ಬರೆದವನಿಗೂ ಉಂಟು, ತಾನು ತೀರಾ ಕಮ್ಮಿ ಹಿಡಿದೆ ಎಂಬುದನ್ನು ಅವನು ಬರೆದು ತೋರಿಸಿದರೆ. ಪೇಪರ್ ತಿದ್ದಲು ಹೊತ್ತು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.