ನೋತ್ರ್ ದಾಮ್ ಕೆಥೆಡ್ರಲ್: ಕಟ್ಟಡದ ಪಾಠಾಂತರಗಳು

ಯೂರೋಪಿನ ಪ್ರಾಚೀನ ಚರ್ಚುಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಒಂದು ಕಟ್ಟಡವನ್ನು ಒಂದು ಶತಮಾನಕ್ಕೆ, ಒಂದು ಶೈಲಿಗೆ ಸೇರಿಸಿ ವಿವರಿಸುತ್ತವೆ. ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್ ಈ ವರ್ಗೀಕರಣದಲ್ಲಿ ಮಧ್ಯಯುಗದ ಗೋಥಿಕ್ ಕೃತಿ ಎನಿಸಿದೆ. 2019ರ ಏಪ್ರಿಲ್ 15ರಂದು ಅದರ ಮಾಡು ಹೊತ್ತಿ ಉರಿದು ಶಿಖರ ಕುಸಿದಾಗ ಈ ವರ್ಗೀಕರಣ ಸಾಲದೆಂಬುದು ಸ್ಪಷ್ಟವಾಯಿತು. ಮತ್ತೆ ಕಟ್ಟಬೇಕಾದದ್ದು ಯಾವ ಕಾಲದ ನೋತ್ರ್ ದಾಮ್ ಎಂಬ ಪ್ರಶ್ನೆ ಮುಂದೆ ಬಂದಿತು. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಪ್ರಶ್ನೆ ಹೊಸದಲ್ಲ. ಹಲವು ಕೈಗಳನ್ನು ದಾಟಿ ಬಂದ ಕೃತಿಯಲ್ಲಿ ಮೂಲಪಾಠ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ವಿಚಾರಣೆಯೇ ಇಲ್ಲಿ ಕಲ್ಲು ಮತ್ತು ಮರದಲ್ಲಿ ನಡೆದಿದೆ. ಈ ಹೋಲಿಕೆ ಎಷ್ಟು ದೂರ ಸಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನಿರ್ಮಾಣದ ಪದರಗಳು

ಬಿಷಪ್ ಮೋರಿಸ್ ದ ಸುಲ್ಲಿಯ ಕಾಲದಲ್ಲಿ, 1163ರಲ್ಲಿ, ಈ ಕಟ್ಟಡಕ್ಕೆ ಅಡಿಗಲ್ಲು ಬಿದ್ದಿತೆಂಬುದು ಪರಂಪರೆಯ ಹೇಳಿಕೆ. ಪ್ರಧಾನ ಪೂಜಾವೇದಿಕೆ 1182ರಲ್ಲಿ ಪ್ರತಿಷ್ಠಿತವಾಯಿತು. ಪಶ್ಚಿಮದ ಜೋಡಿ ಗೋಪುರಗಳು ಮುಗಿಯುವ ಹೊತ್ತಿಗೆ ಹದಿಮೂರನೆಯ ಶತಮಾನದ ನಡುಭಾಗ ಬಂದಿತ್ತು. ಮೊದಲ ವಿನ್ಯಾಸದಲ್ಲಿ ಒಳಗೋಡೆಗೆ ನಾಲ್ಕು ಅಂತಸ್ತುಗಳಿದ್ದವು: ಕೆಳಗೆ ಕಂಬಗಳ ಸಾಲು, ಅದರ ಮೇಲೆ ಮೊಗಸಾಲೆ, ಅದರ ಮೇಲೆ ದುಂಡನೆಯ ಸಣ್ಣ ಕಿಂಡಿಗಳು, ತುದಿಯಲ್ಲಿ ಕಿಟಕಿಗಳು. ಒಳಗೆ ಬೆಳಕು ಸಾಲದಾದುದರಿಂದ, ಕಟ್ಟಡ ಪೂರ್ಣಗೊಳ್ಳುವ ಮೊದಲೇ, 1220ರ ದಶಕದಿಂದೀಚೆಗೆ, ದುಂಡು ಕಿಂಡಿಗಳನ್ನು ಒಡೆದು ಮೇಲಿನ ಕಿಟಕಿಗಳನ್ನು ಕೆಳಕ್ಕೆ ವಿಸ್ತರಿಸಲಾಯಿತು. ಹೊರಗಿನ ಆಸರೆಗಂಬಗಳ ನಡುವಣ ಜಾಗದಲ್ಲಿ ಸಾಲು ಸಾಲಾಗಿ ಚಾಪೆಲ್‌ಗಳು ಸೇರಿದವು. ಹೀಗೆ ಮಧ್ಯಯುಗದಲ್ಲಿಯೇ ಈ ಕೃತಿಗೆ ಏಕೈಕ ಮೂಲಪಾಠವೆಂಬುದು ಇರಲಿಲ್ಲ.

ಅನಂತರದ ಶತಮಾನಗಳು ಸೇರಿಸಿದ್ದಕ್ಕಿಂತ ಅಳಿಸಿದ್ದು ಹೆಚ್ಚು. ಹದಿನೆಂಟನೆಯ ಶತಮಾನದಲ್ಲಿ ಬಣ್ಣದ ಗಾಜುಗಳನ್ನು ತೆಗೆದು ಬಿಳಿಯ ಗಾಜನ್ನು ಹಾಕಲಾಯಿತು. 1771ರಲ್ಲಿ ಮೆರವಣಿಗೆಯ ಮೇಲ್ಕಟ್ಟು ಒಳಗೆ ಸಾಗಲೆಂದು ನಡುಬಾಗಿಲಿನ ಶಿಲ್ಪಗಳನ್ನೇ ಕತ್ತರಿಸಲಾಯಿತು. ಹಳೆಯ ಶಿಖರ ಶಿಥಿಲವಾಗಿ, ಅದೇ ಶತಮಾನದ ಕೊನೆಯಲ್ಲಿ ಅದನ್ನು ಇಳಿಸಲಾಯಿತು. ಪಶ್ಚಿಮ ಮುಖದಲ್ಲಿದ್ದ ಯೆಹೂದದ 28 ರಾಜರ ವಿಗ್ರಹಗಳನ್ನು 1793ರಲ್ಲಿ ಕ್ರಾಂತಿಕಾರರು ಫ್ರಾನ್ಸಿನ ಅರಸರೆಂದು ಭಾವಿಸಿ ಉರುಳಿಸಿದರು. ಅವುಗಳಲ್ಲಿ 21 ತಲೆಗಳು 1977ರಲ್ಲಿ ನೆಲದಡಿಯಲ್ಲಿ ದೊರೆತವು.

2. ವಿಯೋಲೆ ಲ ದ್ಯುಕ್‌ನ ಪರಿಷ್ಕರಣ

ವಿಕ್ಟರ್ ಹ್ಯೂಗೋನ 1831ರ ಕಾದಂಬರಿ ಈ ಜೀರ್ಣ ಕಟ್ಟಡದತ್ತ ಜನರ ಗಮನ ಸೆಳೆಯಿತು. 1844ರಲ್ಲಿ ಜೀರ್ಣೋದ್ಧಾರದ ಹೊಣೆ ಲಾಸ್ಯೂ ಮತ್ತು ವಿಯೋಲೆ ಲ ದ್ಯುಕ್ ಎಂಬ ವಾಸ್ತುಶಿಲ್ಪಿಗಳಿಗೆ ದೊರೆಯಿತು. 1857ರಲ್ಲಿ ಲಾಸ್ಯೂ ತೀರಿಕೊಂಡ ಮೇಲೆ ವಿಯೋಲೆ ಲ ದ್ಯುಕ್ ಒಬ್ಬನೇ ಕೆಲಸವನ್ನು ಮುಂದುವರಿಸಿ 1864ರ ವೇಳೆಗೆ ಮುಗಿಸಿದನು. ಕಟ್ಟಡವನ್ನು ಹಿಂದೆ ಇದ್ದಂತೆಯೇ ಉಳಿಸುವುದಷ್ಟೇ ಅವನ ಗುರಿಯಾಗಿರಲಿಲ್ಲ. ಯಾವ ಕಾಲದಲ್ಲಿಯೂ ಇಲ್ಲದಿದ್ದಿರಬಹುದಾದ ಒಂದು ಪೂರ್ಣಸ್ಥಿತಿಗೆ ಅದನ್ನು ತರುವುದೇ ಜೀರ್ಣೋದ್ಧಾರವೆಂದು ಅವನು ತಿಳಿದಿದ್ದನು. 1859ರಲ್ಲಿ ಮುಗಿದ ಸುಮಾರು 96 ಮೀಟರ್ ಎತ್ತರದ ಶಿಖರ ಹಳೆಯದರ ನಕಲಲ್ಲ, ಅವನದೇ ವಿನ್ಯಾಸ. ಇಂದು ಮಧ್ಯಯುಗದ ಪ್ರತೀಕಗಳೆಂದು ಪ್ರಸಿದ್ಧವಾದ, ಗೋಪುರಗಳ ಮೊಗಸಾಲೆಯ ವಿಕಟ ಮೃಗಗಳೂ ಅವನ ಕಾಲದ ಕಲ್ಪನೆಯೇ. ಶಿಖರದ ಬುಡದಲ್ಲಿ ನಿಲ್ಲಿಸಿದ ತಾಮ್ರದ ವಿಗ್ರಹಗಳಲ್ಲಿ ಸಂತ ಥಾಮಸನಿಗೆ ಅವನು ತನ್ನ ಮುಖವನ್ನೇ ಕೊಟ್ಟನು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನು ಕಾಣಿಸುವ ರೀತಿಯನ್ನು ಇದು ನೆನಪಿಸುತ್ತದೆ.

ಇದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವುದು ಸುಲಭ. ಆದರೆ ಕನ್ನಡದಲ್ಲಿ ಶೂನ್ಯಸಂಪಾದನೆಯ ಉದಾಹರಣೆ ಇದೆ. ಶಿವಗಣಪ್ರಸಾದಿ ಮಹಾದೇವಯ್ಯನ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದರು. ಆ ಪರಿಷ್ಕರಣಗಳನ್ನು ವಿದ್ವಾಂಸರು ಲಿಪಿಕಾರರ ಸ್ಖಾಲಿತ್ಯಗಳೆಂದು ಎಣಿಸದೆ ಸ್ವತಂತ್ರ ಕೃತಿಗಳೆಂದೇ ಅಭ್ಯಸಿಸುತ್ತಾರೆ. ವಿಯೋಲೆ ಲ ದ್ಯುಕ್‌ನದೂ ಅಂತಹ ಪ್ರಜ್ಞಾಪೂರ್ವಕ ಪರಿಷ್ಕರಣವೆನ್ನಬಹುದು.

3. ಹೋಲಿಕೆಯ ಮಿತಿ

ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಗ್ರಂಥಸಂಪಾದಕನು ಒಂದು ಪಾಠವನ್ನು ಸ್ವೀಕರಿಸಿ ಉಳಿದವನ್ನು ಅಡಿಟಿಪ್ಪಣಿಯಲ್ಲಿ ಕೊಡಬಲ್ಲ; ಹಸ್ತಪ್ರತಿಗಳು ಹಾಗೆಯೇ ಉಳಿಯುತ್ತವೆ. ಕಟ್ಟಡದ ಒಂದು ಸ್ಥಾನದಲ್ಲಿ ಒಂದೇ ಪಾಠ ನಿಲ್ಲಲು ಸಾಧ್ಯ. ಅಡ್ಡಹಜಾರದ ಬಳಿಯ ಅಂಕಣಗಳಲ್ಲಿ ಹನ್ನೆರಡನೆಯ ಶತಮಾನದ ದುಂಡು ಕಿಂಡಿಗಳನ್ನು ಮರಳಿ ತೋರಿಸಲು ವಿಯೋಲೆ ಲ ದ್ಯುಕ್ ಹದಿಮೂರನೆಯ ಶತಮಾನದ ಕಿಟಕಿಗಳನ್ನು ತೆಗೆಯಬೇಕಾಯಿತು. ಹಳೆಯದೊಂದು ಪಾಠದ ಊಹೆಗಾಗಿ ನಿಜವಾಗಿ ಉಳಿದಿದ್ದ ಪಾಠ ಅಳಿಯಿತು. ಜಾನ್ ರಸ್ಕಿನ್ 1849ರಲ್ಲಿಯೇ ಜೀರ್ಣೋದ್ಧಾರವನ್ನು ವಿನಾಶದ ಅತ್ಯಂತ ಕೆಟ್ಟ ರೂಪವೆಂದು ಖಂಡಿಸಿದ್ದುದೂ, ವಿಲಿಯಂ ಮೋರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಸ್ಥಾಪಿಸಿದ್ದುದೂ ಈ ಭೀತಿಯಿಂದಲೇ. 1964ರ ವೆನಿಸ್ ಸನ್ನದು ಎಲ್ಲ ಕಾಲಗಳ ಪ್ರಮಾಣಬದ್ಧ ಕೊಡುಗೆಗಳನ್ನೂ ಗೌರವಿಸಬೇಕೆಂಬ ತತ್ತ್ವವನ್ನು ಅಂಗೀಕರಿಸಿತು.

4. ಬೆಂಕಿಯ ಅನಂತರ

ಅನಾಹುತದ ಬೆನ್ನಲ್ಲೇ ಹೊಸ ಕಾಲಕ್ಕೆ ಹೊಸ ಶಿಖರ ಬೇಕೆಂಬ ವಾದ ಬಲವಾಗಿ ಕೇಳಿಬಂದಿತು. 2020ರ ಜುಲೈನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಪರಂಪರೆ ಮತ್ತು ವಾಸ್ತುಶಿಲ್ಪ ಆಯೋಗದ ಅಭಿಪ್ರಾಯವನ್ನು ಅನುಸರಿಸಿ 1859ರ ಶಿಖರವನ್ನೇ ಮತ್ತೆ ಕಟ್ಟುವ ನಿರ್ಧಾರವಾಯಿತು. ಒಂದು ಕಾಲದ ಸೇರ್ಪಡೆ ಹೀಗೆ ಸ್ವೀಕೃತ ಪಾಠವಾಯಿತು. ಸುಮಾರು 2,000 ಓಕ್ ಮರಗಳನ್ನು ಬಳಸಿ, ಉದ್ದಹಜಾರದ ಚೌಕಟ್ಟಿಗೆ ಬೇಕಾದ ತೊಲೆಗಳನ್ನು ಕೊಡಲಿಯಿಂದಲೇ ಹದಗೊಳಿಸಿ ಕೆಲಸ ನಡೆಯಿತು. 2010ರಲ್ಲಿ ಆಂಡ್ರ್ಯೂ ಟಾಲನ್ ನಡೆಸಿದ ಲೇಸರ್ ಮಾಪನವೂ 2014ರಲ್ಲಿ ಮಾಡಿನ ಮರಗೆಲಸವನ್ನು ಅಳೆದ ದಾಖಲೆಯೂ ಇದಕ್ಕೆ ಆಧಾರ ಒದಗಿಸಿದವು. 2024ರ ಡಿಸೆಂಬರ್‌ನಲ್ಲಿ ಚರ್ಚು ಮತ್ತೆ ತೆರೆಯಿತು.

ಬೆಂಕಿ ಹೊಸ ಸಾಕ್ಷ್ಯಗಳನ್ನೂ ಹೊರಗೆಡಹಿತು. ಕಲ್ಲುಗಳನ್ನು ಬಂಧಿಸಿದ ಕಬ್ಬಿಣದ ಪಟ್ಟಿಗಳು 1160ರ ದಶಕದಿಂದಲೇ ಬಳಕೆಯಲ್ಲಿದ್ದುವೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬರಿಯ ಕಲ್ಲಿನ ಸಮತೋಲನದಿಂದ ನಿಂತ ಗೋಥಿಕ್ ಕಟ್ಟಡವೆಂಬ ಚಿತ್ರವನ್ನು ಇದು ತಿದ್ದುತ್ತದೆ.

ವಿವಾದ ಶಿಖರದೊಂದಿಗೆ ಮುಗಿಯಲಿಲ್ಲ. ದಕ್ಷಿಣ ಪಾರ್ಶ್ವದ ಆರು ಚಾಪೆಲ್‌ಗಳಲ್ಲಿ ಬೆಂಕಿಯಿಂದ ಪಾರಾದ ವಿಯೋಲೆ ಲ ದ್ಯುಕ್‌ನ ಕಾಲದ ಕಿಟಕಿಗಳ ಬದಲು ಸಮಕಾಲೀನ ಬಣ್ಣಗಾಜುಗಳನ್ನಿಡುವ ಯೋಜನೆಯನ್ನು ಅದೇ ಆಯೋಗ 2024ರ ಜುಲೈನಲ್ಲಿ ವಿರೋಧಿಸಿತು. ಆದರೂ ಡಿಸೆಂಬರ್‌ನಲ್ಲಿ ಆ ಕೆಲಸಕ್ಕೆ ಕಲಾವಿದೆ ಕ್ಲೇರ್ ತಬೂರೆ ಆಯ್ಕೆಯಾದರು. ಕಳೆದುಹೋದ ಪಾಠವನ್ನು ತುಂಬುವುದು ಬೇರೆ, ಉಳಿದಿರುವ ಪಾಠವನ್ನು ತೆಗೆಯುವುದು ಬೇರೆ. ನೋತ್ರ್ ದಾಮ್‌ನ ಇತಿಹಾಸ ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಕಟ್ಟಡಕ್ಕೆ ಅಡಿಟಿಪ್ಪಣಿ ಇಲ್ಲದಿರುವುದರಿಂದ ಅಳತೆ, ನಕ್ಷೆ, ಛಾಯಾಚಿತ್ರಗಳೇ ಅದರ ಪಾಠಾಂತರಗಳ ಪಟ್ಟಿಯಾಗುತ್ತವೆ. ಅವುಗಳನ್ನು ಸಿದ್ಧಪಡಿಸುವ ಕಾಲ ಬೆಂಕಿಯ ಅನಂತರದ್ದಲ್ಲ, ಅದಕ್ಕೆ ಮುಂಚಿನದು.