ಕಿಟಕಿಯಾಚೆಯ ನೋಟ ಯಾರದು?



ಬೇ ಏರಿಯಾದ ಗುಡ್ಡದ ಮೇಲೆ ಮನೆ ಕೊಳ್ಳುವವರು ಕಿಟಕಿಯಿಂದ ಕಾಣುವ ಕೊಲ್ಲಿಗೂ ಸೇರಿಸಿಯೇ ದುಡ್ಡು ಕೊಟ್ಟಿರುತ್ತಾರೆ. ನಾಳೆ ಎದುರಿನ ಲಾಟಿನಲ್ಲಿ ಇನ್ನೊಂದು ಮಹಡಿ ಎದ್ದರೆ? "ನಾವು ಮೊದಲು ಬಂದವರು, ಅವರು ಹೇಗೆ ಕಟ್ಟುತ್ತಾರೆ?" ಎಂದು ಜಗಳಕ್ಕೆ ಹೋಗುವ ಮೊದಲು ಕ್ಯಾಲಿಫೋರ್ನಿಯಾದ ಕಾನೂನು ಏನೆನ್ನುತ್ತದೆ, ನೋಡೋಣ.

ಮೂಲ ನಿಯಮ

ನೋಟದ ಮೇಲೆ ಮನೆಯವರಿಗೆ ತಾನಾಗಿಯೇ ಬರುವ ಹಕ್ಕು ಇಲ್ಲ. ನೋಟ ಬರೀ ಮನಸ್ಸಿನ ಸಂತೋಷದ ವಿಷಯ, ಅದಕ್ಕಾಗಿ ದಾವೆ ಹೂಡಲಾಗದು ಎಂಬ ಮಾತು 1610ರ ಇಂಗ್ಲೆಂಡಿನ ಆಲ್ಡ್ರೆಡ್ ಮೊಕದ್ದಮೆಯಷ್ಟು ಹಳೆಯದು. 1959ರಲ್ಲಿ ಮಯಾಮಿ ಬೀಚಿನ ಫೌಂಟನ್‌ಬ್ಲೂ ಹೋಟೆಲಿನ 14 ಅಂತಸ್ತಿನ ಕಟ್ಟಡ ಪಕ್ಕದ ಹೋಟೆಲಿನ ಈಜುಕೊಳದ ಬಿಸಿಲನ್ನೇ ತಡೆಯುವಂತಿದ್ದರೂ ಫ್ಲಾರಿಡಾ ನ್ಯಾಯಾಲಯ ತಡೆಯಾಜ್ಞೆ ಕೊಡಲಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯವೂ ಒಪ್ಪಂದವೋ ಶಾಸನವೋ ಇಲ್ಲದೆ ನೋಟದ ಹಕ್ಕಿಲ್ಲ ಎಂದಿತು.

ಹಕ್ಕು ಬರುವ ದಾರಿಗಳು

1. ವ್ಯೂ ಈಸ್‌ಮೆಂಟ್: ನೆರೆಯವರು ಬರೆದುಕೊಟ್ಟು, ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಾದ ಪತ್ರ. ಮುಂದೆ ಆ ಜಾಗ ಕೊಂಡವರನ್ನೂ ಇದು ಕಟ್ಟುತ್ತದೆ.
2. ಬಡಾವಣೆಯ ಸಿಸಿ ಅಂಡ್ ಆರ್ ಕರಾರು: ಎತ್ತರಕ್ಕೆ ಮಿತಿ ಇದ್ದರೆ ಜಾರಿ ಮಾಡಿಸಬಹುದು.
3. ಊರಿನ ಕಾನೂನು: ಟಿಬುರಾನಿನಲ್ಲಿ ನೋಟಕ್ಕೆ ಅಡ್ಡ ಬರುವ ಮರಗಳ ಬಗ್ಗೆ ಕಾನೂನಿದೆ, 1997ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ರಾಂಚೋ ಪಾಲೋಸ್ ವರ್ಡೀಸಿನ ಮತದಾರರು 1989ರಲ್ಲೇ ಇಂಥ ಕಾನೂನಿಗೆ ಒಪ್ಪಿಗೆ ಕೊಟ್ಟರು.
4. ದ್ವೇಷದ ಬೇಲಿ: ಕಾಟ ಕೊಡಲೆಂದೇ 10 ಅಡಿಗಿಂತ ಎತ್ತರದ ಬೇಲಿ ಹಾಕಿದರೆ ರಾಜ್ಯದ ಕಾನೂನು ಅದನ್ನು ಉಪದ್ರವ ಎನ್ನುತ್ತದೆ. ಸಾಲಾಗಿ ನೆಟ್ಟ ಮರಗಳೂ ಬೇಲಿಯಾಗಬಹುದು ಎಂದು 2002ರ ತೀರ್ಪು ಹೇಳಿದೆ.

ನೋಟೀಸು ಬಂದರೆ

ಸಾರ್ವಜನಿಕ ವಿಚಾರಣೆ ಬೇಕಾದ ಯೋಜನೆಗಳಿಗೆ ಸಾಮಾನ್ಯವಾಗಿ 300 ಅಡಿಯೊಳಗಿನ ಮನೆ ಮಾಲೀಕರಿಗೆ ನೋಟೀಸು ಬರುತ್ತದೆ. ಜಾಹೀರಾತೆಂದು ಕಸಕ್ಕೆ ಹಾಕಬೇಡಿ. ಪ್ಲಾನಿಂಗ್ ಕಚೇರಿಯಲ್ಲಿ ನಕ್ಷೆ ನೋಡಿ. ಎತ್ತರ, ಸೆಟ್‌ಬ್ಯಾಕ್ ನಿಯಮ ಮೀರಿದೆಯೇ ಅಳೆಯಿರಿ. ಆಕ್ಷೇಪಗಳನ್ನು ವಿಚಾರಣೆಯಲ್ಲೇ ಹೇಳಿ, ಇಲ್ಲವೇ ಅದಕ್ಕೂ ಮೊದಲು ಬರೆದು ಕೊಡಿ. ಅಲ್ಲಿ ಎತ್ತದ ಅಂಶವನ್ನು ಆಮೇಲೆ ಕೋರ್ಟಿನಲ್ಲಿ ಎತ್ತಲು ಬಹುಮಟ್ಟಿಗೆ ಅವಕಾಶವಿರುವುದಿಲ್ಲ. ಎಷ್ಟೋ ಸಲ ಮಾಡಿನ ಇಳಿಜಾರು ಬದಲಿಸಿದರೆ ಇಬ್ಬರಿಗೂ ಒಪ್ಪಿಗೆಯಾಗುತ್ತದೆ. ಮೊದಲು ನೆರೆಯವರ ಜೊತೆ ಕಾಫಿ ಕುಡಿಯುತ್ತಾ ಮಾತಾಡಿ.

ಒಂದು ಎಚ್ಚರಿಕೆ: 2022ರಿಂದ ಜಾರಿಯಲ್ಲಿರುವ ಎಸ್‌ಬಿ 9 ಪ್ರಕಾರ, ಒಂಟಿ ಮನೆಯ ಅನೇಕ ಲಾಟುಗಳಲ್ಲಿ ವಿಚಾರಣೆಯೇ ಇಲ್ಲದೆ ಎರಡು ಮನೆಗೆ ಅನುಮತಿ ಸಿಗಬಹುದು.

ಆದ್ದರಿಂದ ಕೊಳ್ಳುವ ಮುನ್ನವೇ ಟೈಟಲ್ ರಿಪೋರ್ಟ್, ಸಿಸಿ ಅಂಡ್ ಆರ್, ಎದುರಿನ ಲಾಟಿನ ಜೋನಿಂಗ್ ಮೂರನ್ನೂ ಓದಿ. ಸಂದೇಹವಿದ್ದರೆ ರಿಯಲ್ ಎಸ್ಟೇಟ್ ವಕೀಲರನ್ನು ಕೇಳಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.